ತಿಪ್ಪೇರುದ್ರಪ್ಪನ ಎರಡೂವರೆ ಇಂಚು

ಗಂಡಸಿಗೆ ಹೊಸ ವಿಚಾರ ಹೊಳೆದರೆ ಮೊದಲು ಕಾಣೆಯಾಗುವುದು ಅಡುಗೆಮನೆಯ ಸಾಮಾನು. ಇದು ಶಿವಬಸಮ್ಮ ತನ್ನ ಹದಿನೆಂಟು ವರ್ಷದ ಸಂಸಾರದಿಂದ ಕಡೆದು ತೆಗೆದ ಬೆಣ್ಣೆ. ಹಾಗಾಗಿ ಆ ಬೆಳಿಗ್ಗೆ ರೊಟ್ಟಿ ಬಡಿಯುವ ಹಲಗೆ ಕಾಣದಿದ್ದಾಗ ಅವಳು ಹುಡುಕುವ ಗೋಜಿಗೇ ಹೋಗಲಿಲ್ಲ. ನೇರ ಮನೆಯ ಮುಂದಿನ ಕೋಣೆಗೆ, ಅಂದರೆ ಗಂಡನ ಫೋಟೋ ಸ್ಟುಡಿಯೋಕ್ಕೆ ನಡೆದಳು. ಹಲಗೆ ಅಲ್ಲಿ ಸ್ಟ್ಯಾಂಡಿನ ನೆತ್ತಿಯ ಮೇಲೆ ಕೂತಿತ್ತು. ಹಲಗೆಯ ಮೇಲೆ ಕ್ಯಾಮೆರಾ. ಪಕ್ಕದಲ್ಲಿ ಪತಿದೇವರು ತಿಪ್ಪೇರುದ್ರಪ್ಪ, ಕೈಯಲ್ಲಿ ಅಳತೆಪಟ್ಟಿ.

"ಹಿಟ್ಟು ಕಲಸಿಟ್ಟೀನಿ. ರೊಟ್ಟಿ ನಿಮ್ಮ ಬೆನ್ನ ಮ್ಯಾಲೆ ಬಡೀಲೇನು?"

"ತಡಿ, ಇಲ್ಲಿ ಇತಿಹಾಸ ನಡೆದೈತಿ."

ಎಪ್ಪತ್ತನಾಲ್ಕನೆಯ ಇಸವಿಯ ಮಾತು. ಬಳ್ಳಾರಿಯ ಪಾರ್ವತಿನಗರದಲ್ಲಿ ತಿಪ್ಪೇರುದ್ರಪ್ಪನ ಸ್ಟುಡಿಯೋ ಅಂದರೆ ಹೆಸರಿತ್ತು. ಕಪ್ಪಗಿದ್ದವರನ್ನು ಬೆಳ್ಳಗೆ ಮಾಡುವುದು, ಬೆಳ್ಳಗಿದ್ದವರನ್ನು ಸುಣ್ಣವೇ ಮಾಡುವುದು ಅವನ ಎಡಗೈ ಆಟ. ಹೋದ ವಾರ ಕೌಲ್ ಬಜಾರಿನ ಗುಜರಿ ಅಂಗಡಿಯಲ್ಲಿ ಅವನಿಗೊಂದು ಮರದ ಯಂತ್ರ ಸಿಕ್ಕಿತು. ಮುಂದೆ ಎರಡು ಗಾಜಿನ ಕಣ್ಣು, ಹಿಂದೆ ಒಂದು ರಟ್ಟು ಸಿಕ್ಕಿಸುವ ಅಡ್ಡಪಟ್ಟಿ. ರಟ್ಟಿನ ಮೇಲೆ ಒಂದೇ ಸೇತುವೆಯ ಎರಡು ಫೋಟೋ, ಅಕ್ಕಪಕ್ಕ. ಗುಜರಿಯವನು ಸ್ಟೀರಿಯೋಸ್ಕೋಪು ಎಂದು ನಾಲಿಗೆ ಮುರಿದುಕೊಂಡು ಹೇಳಿದ. ತಿಪ್ಪೇರುದ್ರಪ್ಪ ಮಾರುಹೋದ.

"ನಮ್ಮ ಎರಡು ಕಣ್ಣಿನ ನಡುವ ಎರಡೂವರಿ ಇಂಚು ಅಂತರ ಐತಿ" ಎಂದು ಅವನು ಹೆಂಡತಿಗೆ ಪಾಠ ಶುರುಮಾಡಿದ. "ಒಂದು ಫೋಟೋ ಹೊಡಿಯೋದು, ಕ್ಯಾಮೆರಾ ಎರಡೂವರಿ ಇಂಚು ಸರಿಸೋದು, ಇನ್ನೊಂದು ಹೊಡಿಯೋದು. ಎಡದ್ದು ಎಡಗಣ್ಣಿಗೆ, ಬಲದ್ದು ಬಲಗಣ್ಣಿಗೆ. ಎರಡೂ ಕೂಡಿದ್ವು ಅಂದ್ರ ಮುಂದಿಂದು ಮುಂದ, ಹಿಂದಿಂದು ಹಿಂದ, ಸಾಕ್ಷಾತ್ ಎದುರಿಗೆ ನಿಂತಂಗ! ನೂರಿಪ್ಪತ್ತು ವರ್ಷದ ಹಿಂದ ವಿಲಾಯತಿ ರಾಣಿನೇ ಇದನ್ನ ನೋಡಿ ಮೆಚ್ಚಿದ್ಲಂತ."

"ಆಕಿಗೇನ್ರಿ, ಒಲಿ ಊದೋದಿತ್ತೇನು?"

ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲ ಪ್ರಯೋಗಕ್ಕೆ ಮನೆಯಲ್ಲೇ ಬಲಿ ಸಿದ್ಧವಿತ್ತು. ಶಿವಬಸಮ್ಮನ ಅಣ್ಣನ ಮಗಳು ಅಕ್ಕನಾಗಮ್ಮ ಹಚ್ಚೊಳ್ಳಿಯಿಂದ ಬಂದು, ಟೀಚರ್ ಟ್ರೇನಿಂಗಿಗೆಂದು ಇವರಲ್ಲೇ ಇದ್ದಳು. ಕುರುಗೋಡಿನ ಒಂದು ಸಂಬಂಧದವರು ಅವಳ ಫೋಟೋ ಕೇಳಿದ್ದರು. ಹುಡುಗ ಉಜ್ಜಿನಪ್ಪ, ಸಿರುಗುಪ್ಪದಲ್ಲಿ ಕಾಲುವೆ ಓವರ್‌ಸಿಯರ್.

"ಉಸಿರು ಹಿಡಿ. ಕೂದಲೆಳಿ ಅಲುಗಬಾರ್ದು" ಎಂದು ಮಾವ ಆಜ್ಞೆ ಮಾಡಿದ. ಹಿಂದೆ ಗೋಡೆಗೆ ಕಟ್ಟಿದ ಪರದೆ, ಮುಂದೆ ಹೂವಿನ ಕುಂಡ, ನಡುವೆ ಹುಡುಗಿ ಗಂಟುಮುಖ ಹಾಕಿ ಕೂತಳು. ಒಂದು ಫೋಟೋ ಆಯಿತು. ಕ್ಯಾಮೆರಾ ಸರಿಸುವಾಗ ಹಲಗೆಯ ಜೋಳದ ಹಿಟ್ಟು ಹಾರಿ ಮಾವನ ಮೀಸೆ ಬೆಳ್ಳಗಾಯಿತು. ಎರಡನೆಯದರಲ್ಲಿ ಹುಡುಗಿ ನಕ್ಕುಬಿಟ್ಟಳು.

"ಇರಲಿ, ಶಾಸ್ತ್ರಕ್ಕೇನೂ ಬಾಧೆಯಿಲ್ಲ" ಎಂದುಕೊಂಡು ತಿಪ್ಪೇರುದ್ರಪ್ಪ ಎರಡನ್ನೂ ರಟ್ಟಿಗೆ ಅಂಟಿಸಿ, ಹಿಂದೆ ಸ್ಟುಡಿಯೋದ ಮೊಹರು ಒತ್ತಿ, ಅಂಚೆಗೆ ಹಾಕಿದ. (ಯಂತ್ರವನ್ನು ಕಳಿಸಲಿಲ್ಲ. ಅದು ಒಡೆದರೆ?)

ಎಂಟನೇ ದಿನ ಕುರುಗೋಡಿನಿಂದ ಹುಡುಗನ ತಾಯಿ ವೀರಭದ್ರಮ್ಮನ ಕಾಗದ ಬಂತು. "ಜೋಡಿ ಕನ್ಯೆಯರ ಫೋಟೋ ತಲುಪಿತು. ಅವಳಿ ಎಂದು ಮೊದಲೇ ತಿಳಿಸಿರಲಿಲ್ಲ. ನಮಗಿರುವುದು ಒಂದೇ ಗಂಡು. ಒಬ್ಬಳು ಸಿಡುಕಿನವಳೆಂದು ತೋರುತ್ತದೆ. ನಗುವವಳನ್ನು ನೋಡಲು ಭಾನುವಾರ ಬರುತ್ತೇವೆ."

ಶಿವಬಸಮ್ಮ ಕಾಗದವನ್ನು ಎರಡು ಸಲ ಓದಿದಳು. ಒಂದು ಸಲ ತಾನು ತಿಳಿಯುವುದಕ್ಕೆ, ಇನ್ನೊಂದು ಸಲ ಗಂಡನಿಗೆ ಕೇಳಿಸುವುದಕ್ಕೆ.

"ಬರ್ಲಿ ಬಿಡು!" ಎಂದ ತಿಪ್ಪೇರುದ್ರಪ್ಪ, ಎದೆ ಒಂದಿಂಚೂ ಇಳಿಯದೆ. "ಯಂತ್ರದಾಗ ನೋಡಿದ್ರ ಇಬ್ರೂ ಒಬ್ಬಾಕಿ ಆಗ್ತಾರ. ನೋಡಿದವರು ಬೆರಗಾಗಿ ಇಲ್ಲೇ ತಾಂಬೂಲ ಬದಲಾಯಿಸ್ತಾರ."

ಭಾನುವಾರ ತಾಯಿ ಮಗ ಬಂದರು. ಉಪ್ಪಿಟ್ಟು, ಚಹಾ ಆಯಿತು. ಅಕ್ಕನಾಗಮ್ಮ ಬಂದು ಕೂತಳು. ವೀರಭದ್ರಮ್ಮ ಅವಳ ಬೆನ್ನ ಹಿಂದಿನ ಬಾಗಿಲ ಕಡೆಗೇ ನೋಡುತ್ತಿದ್ದರು, ಇನ್ನೊಬ್ಬಳು ಬರಬೇಕಲ್ಲ ಎಂದು.

ತಿಪ್ಪೇರುದ್ರಪ್ಪ ಎದ್ದು ನಿಂತು, ವಿಲಾಯತಿ ರಾಣಿಯಿಂದ ಹಿಡಿದು ಎಲ್ಲ ಹೇಳಿ, ಅವರು ತಂದಿದ್ದ ರಟ್ಟನ್ನು ಸಿಕ್ಕಿಸಿ, ಯಂತ್ರವನ್ನು ಬೀಗತಿಯ ಕೈಗಿತ್ತ. ಆಕೆ ನೋಡಿದರು. ಇನ್ನೊಮ್ಮೆ ನೋಡಿದರು.

"ಇಬ್ರೂ ಒಬ್ಬಾಕಿ ಆದ್ರು, ಖರೆ. ಆದ್ರ ಈ ಹುಡುಗಿ ಯಾಕ ಗ್ವಾಡಿ ಹಿಂದ ಕುಂತಾಳ?"

"ಗ್ವಾಡಿ ಹಿಂದನ? ಸರಿಯಾಗಿ ನೋಡ್ರಿ ಬೀಗತ್ಯಾರ."

"ಸರಿಯಾಗೇ ನೋಡಾಕತ್ತೀನಿ. ಪರದೆ ನನ್ನ ಮೂಗಿಗೆ ಬಂದೈತಿ. ಮುಂದಿನ ಹೂವಿನ ಕುಂಡ ಮಾರುದೂರ ಹಿಂದಕ್ಕ ಹೋಗೇತಿ!"

ಶಿವಬಸಮ್ಮ ಇಸಿದುಕೊಂಡು ನೋಡಿದಳು. "ಹೌದ್ರಿ! ಮುಂದಿಂದು ಹಿಂದ, ಹಿಂದಿಂದು ಮುಂದ." ಅಕ್ಕನಾಗಮ್ಮನೂ ನೋಡಿ ಹೌದೆಂದಳು.

"ಯಾರಿಗೂ ನೋಡಾಕ ಬರಂಗಿಲ್ಲ" ಎಂದ ತಿಪ್ಪೇರುದ್ರಪ್ಪ, ಸ್ವತಃ ಕಣ್ಣಿಟ್ಟು. "ಎಲ್ಲಾ ಎಲ್ಲಿರಬೇಕೋ ಅಲ್ಲೇ ಐತಿ."

ಓವರ್‌ಸಿಯರ್ ಉಜ್ಜಿನಪ್ಪ ಯಂತ್ರವನ್ನು ತೆಗೆದುಕೊಂಡು ನೋಡಿ, ಮೆಲ್ಲಗೆ ಕತ್ತರಿ ಕೇಳಿದ. ರಟ್ಟನ್ನು ನಟ್ಟನಡುವೆ ಕತ್ತರಿಸಿದ. ಎಡದ ತುಂಡು ಬಲಕ್ಕಿಟ್ಟ, ಬಲದ್ದು ಎಡಕ್ಕೆ. "ಅದಲು ಬದಲು ಅಂಟಿಸೀರಿ ಮಾವಾರ" ಎಂದು ಮೊದಲು ಅಕ್ಕನಾಗಮ್ಮನಿಗೇ ಕೊಟ್ಟ.

"ಯವ್ವಾ! ಈಗ ನೋಡತ್ತಿ, ಕುಂಡ ಕೈಗೆ ಸಿಕ್ಕಂಗೈತಿ!" ಎಂದು ಅವಳು ಕಿರುಚಿದಳು. ಆಮೇಲೆ ಅವಳು ಯಂತ್ರವನ್ನು ನೋಡಲಿಲ್ಲ, ಸರಿಮಾಡಿದವನನ್ನು ನೋಡಿದಳು. ವೀರಭದ್ರಮ್ಮ ಅದನ್ನೂ ನೋಡಿದರು. ತಾಂಬೂಲ ಬದಲಾಯಿಸಿದ್ದು ಆ ನೋಟದಿಂದ, ಯಂತ್ರದಿಂದಲ್ಲ.

ಆದರೆ ತಿಪ್ಪೇರುದ್ರಪ್ಪನ ಗತಿ? ಸರಿಮಾಡಿದ ಮೇಲೂ ಅವನಿಗೆ ಮೊದಲಿನಂತೆಯೇ ಕಾಣುತ್ತಿತ್ತು. ಬೀಗರು ಹೋದ ಮೇಲೆ ಶಿವಬಸಮ್ಮ ಅವನ ಬಲಗಣ್ಣಿಗೆ ಸೆರಗು ಮುಚ್ಚಿ, ಕ್ಯಾಲೆಂಡರ್ ಓದಿಸಿದಳು. ಅವನು ಓದಿದ್ದು ಗೋಡೆಯನ್ನು. ಮರುದಿನ ಕಣ್ಣಿನ ಡಾಕ್ಟರು ಹೇಳಿಯೇಬಿಟ್ಟರು: ಎಡಗಣ್ಣು ಸಣ್ಣಂದಿನಿಂದಲೂ ಸೋಮಾರಿ, ಕೆಲಸವೆಲ್ಲ ಬಲಗಣ್ಣಿನದೇ. ಎರಡು ಕಣ್ಣು ಕೂಡದವರಿಗೆ ಆ ಯಂತ್ರದಲ್ಲಿ ಆಳ ಕಾಣುವುದಿಲ್ಲ.

"ಹೆಸರು ನೋಡಿದ್ರ ರುದ್ರಪ್ಪ, ಮೂರು ಕಣ್ಣಿರಬೇಕು" ಎಂದು ಶಿವಬಸಮ್ಮ ದಾರಿಯುದ್ದಕ್ಕೂ ಹೇಳಿದಳು. "ನನ್ನ ಪಾಲಿಗೆ ಬಂದಿದ್ದು ಒಂದು!"

ಅವನು ಒಂದು ವಾರ ಮಂಕಾದ. ಎಂಟನೇ ದಿನ ಎದ್ದು, ಬಡಗಿಯಿಂದ ಬೇರೆ ಹಲಗೆ ಮಾಡಿಸಿದ. ಫೋಟೋ ಹೊಡೆಯಲು ಒಂದು ಕಣ್ಣು ಸಾಕು, ನೋಡಲು ಹೆಂಡತಿ ಇದ್ದಾಳೆ! ಮದುವೆಯ ಫೋಟೋಗಳೆಲ್ಲ ಜೋಡಿ ಜೋಡಿಯಾಗಿ ಬಂದವು. ಒಂದೊಂದನ್ನೂ ಶಿವಬಸಮ್ಮ ನೋಡಿ ಸೈ ಎಂದ ಮೇಲೇ ಅಂಟಿಸುವುದು. ಕೊನೆಯದು ಮಾತ್ರ ಅಳಿಯ ಹೊಡೆದದ್ದು. ಅದರಲ್ಲಿ ಮದುಮಗಳ ಸಾಲಿನಲ್ಲಿ ತಿಪ್ಪೇರುದ್ರಪ್ಪನೂ ನಿಂತಿದ್ದ. ಶಿವಬಸಮ್ಮ ಯಂತ್ರಕ್ಕೆ ಕಣ್ಣಿಟ್ಟು, ಬಹಳ ಹೊತ್ತು ನೋಡಿ, ಮೈ ಕುಲುಕುವಂತೆ ನಕ್ಕಳು.

"ಏನ್ ಕಾಣ್ತೈತಿ? ಹೇಳು!"

"ಎಲ್ಲಾರೂ ಸಾಲಾಗಿ ನಿಂತಾರ. ನಿಮ್ಮ ಹೊಟ್ಟಿ ಮಾತ್ರ ಮೊಳದುದ್ದ ಮುಂದ ಬಂದೈತಿ."

"ಸುಳ್ಳು! ಅದಲು ಬದಲು ಇಟ್ಟಿರಬೇಕು ನೀನು."

"ಇಲ್ರಿ" ಎಂದಳು ಶಿವಬಸಮ್ಮ, ಯಂತ್ರವನ್ನು ಅವನ ಕೈಗೆ ಕೊಡುತ್ತ. "ಸರಿಯಾಗೇ ಇಟ್ಟೀನಿ. ಬೇಕಾದ್ರ ನೀವೇ ನೋಡ್ಕೊಳ್ರಿ."