ಕಾಕಾನ ಮೋಟಾರಿನ ದೀಪಗಳು

ಲೋಕದಲ್ಲಿ ಎಲ್ಲರೂ ಮೋಟಾರು ಕೊಳ್ಳುವುದು ಊರಿಂದೂರಿಗೆ ಹೋಗಲಿಕ್ಕೆ. ನಮ್ಮ ಕಾಕಾ ಕೊಂಡದ್ದು ಅದರ ದೀಪ ಬದಲಿಸಲಿಕ್ಕೆ! ಕುಷ್ಟಗಿಯಲ್ಲಿ ಯಾರನ್ನು ಕೇಳಿದರೂ ಹೀಗೇ ಹೇಳುತ್ತಿದ್ದರು. ಎಣ್ಣೆ ದೀಪ ತೆಗೆದು ಗ್ಯಾಸಿನ ದೀಪ ಹಾಕಿದ, ಗ್ಯಾಸಿನದು ತೆಗೆದು ಬ್ಯಾಟರಿಯದು ಹಾಕಿದ, ಕೊನೆಗೆ ಅದನ್ನೂ ಕಿತ್ತು ಮೊದಲಿನ ಎಣ್ಣೆ ದೀಪವನ್ನೇ ತಂದು ಕೂರಿಸಿದ. ಇಂಥವನ ತಲೆ ನೆಟ್ಟಗಿದೆ ಎಂದು ಯಾರು ಸಾಕ್ಷಿ ಹೇಳಿಯಾರು? ನಾನಂತೂ ಹೇಳಿರಲಿಲ್ಲ. ನಮ್ಮ ಮನೆತನದಲ್ಲಿ ಹೊಲದ ಬದುವಿನಿಂದೆದ್ದು ಹೈದರಾಬಾದಿಗೆ ಹೋಗಿ, ಮನೆಯಲ್ಲಿ ಯಾರಿಗೂ ಬಾರದ ಉರ್ದುವಿನಲ್ಲಿ ಓದಿ ಬಿ.ಎ. ಪಾಸಾದ ಮೊದಲನೆಯವನು ನಾನು. ನನ್ನ ಸಾಕ್ಷಿಗೆ ತೂಕವಿತ್ತು, ಕಂಡಕಂಡವರಿಗೆ ಕೊಡುತ್ತಿರಲಿಲ್ಲ.

ಕಾಕಾ ಹತ್ತಿ ವ್ಯಾಪಾರಿ. ಜಾಗೀರಿನ ಅಧಿಕಾರಿಯೊಬ್ಬರು ಬೇಸತ್ತು ಮಾರಿದ ಹಳೆಯ ಮೋಟಾರು ಅವನ ಕೈಗೆ ಬಂದಾಗ ಅದರ ಮುಂದೆ ಎರಡು ಸೀಮೆಎಣ್ಣೆ ದೀಪಗಳಿದ್ದವು. ಬೆಳಕು ಹೇಗಿತ್ತೆಂದರೆ, ಅವು ಉರಿಯುತ್ತಿವೆಯೋ ಇಲ್ಲವೋ ನೋಡಲು ಇನ್ನೊಂದು ಕಂದೀಲು ಹಿಡಿಯಬೇಕು. ಮಕ್ಕಳಿಲ್ಲದ ಮನೆ. ಸಂಜೆ ಅಂಗಡಿ ಮುಚ್ಚಿದೊಡನೆ ಕಾಕಾ ತನ್ನ ಹೆಂಡತಿಯನ್ನು, ಅಂದರೆ ನಮ್ಮ ಚಿಗವ್ವನನ್ನು, ಪಕ್ಕದಲ್ಲೇ ಕೂರಿಸಿಕೊಂಡು ಯಲಬುರ್ಗಾ ರಸ್ತೆಯಲ್ಲಿ ಒಂದು ಸುತ್ತು ಹೋಗಿಬರುವನು. ಹೆಂಗಸು ಗಂಡನ ಸರಿಸಮ ಮುಂದೆ ಕೂಡುವುದೆಂದರೇನು? ಊರು ನಕ್ಕಿತು. ಆ ಗಾಡಿಯನ್ನು ಬೇರೆ ಯಾರೂ ಏರಲಿಲ್ಲ. ಬರಬರುತ್ತ ಆ ಮನೆಯ ಮೆಟ್ಟಿಲು ಏರುವುದನ್ನೂ ಬಿಟ್ಟರು. ಅವರಿಗೆ ಅವರೇ ಉಳಿದರು.

ಮರಳುವಾಗ ಮಬ್ಬುಗತ್ತಲೆ. ಕಾಕಾ ಇಳಿದು ದೀಪ ಹಚ್ಚಿ ಕೇಳುವನು, “ರಸ್ತೆ ಕಾಣತೈತೇನು?”

“ಇಲ್ರಿ. ದೀಪ ಮಂದ ಅದಾವು.”

“ಬದಲಿ ಮಾಡೋಣು.”

ಒಂದು ಸಂಜೆಯಾದರೂ ಆಕೆ ‘ಕಾಣತೈತಿ’ ಅನ್ನಬೇಕು. ಕಾಕಾನ ಬದುಕಿನಲ್ಲಿ ಇದ್ದ ಹಟ ಅದೊಂದೇ.

ಹುಬ್ಬಳ್ಳಿಯಿಂದ ಗ್ಯಾಸಿನ ದೀಪಗಳು ಬಂದವು. ಡಬ್ಬಿಯಲ್ಲಿ ಕಾರ್ಬೈಡ್ ಕಲ್ಲು ಹಾಕಬೇಕು, ಅದರ ಮೇಲೆ ಹನಿಹನಿಯಾಗಿ ನೀರು ಬೀಳಬೇಕು, ಎದ್ದ ಗ್ಯಾಸಿಗೆ ಕಡ್ಡಿ ಗೀರಬೇಕು. ಬೆಳಕು ಬೆಳ್ಳಗೆ ಬಂತು. ಜೊತೆಗೆ ಕೊಳೆತ ಬೆಳ್ಳುಳ್ಳಿಯ ವಾಸನೆಯೂ ಬಂತು. ಎದುರಿನ ಬಂಡಿಯ ಎತ್ತುಗಳು ಬೆಳಕಿಗೆ ಬೆದರಿದವೋ ವಾಸನೆಗೋ, ಬಂಡಿಯವನನ್ನು ಜೋಳದ ಹೊಲದಲ್ಲಿ ಕೆಡವಿ ಓಡಿದವು.

“ಸಾವ್ಕಾರ್ರ, ದೀಪ ಹಚ್ಚೀರೋ, ಒಗ್ಗರಣಿ ಹಾಕೀರೋ?” ಎಂದು ಅವನು ಬಿದ್ದಲ್ಲಿಂದಲೇ ಕೇಳಿದ.

ಚಿಗವ್ವ ಸೆರಗನ್ನು ಮೂಗಿಗೆ ಹಿಡಿದುಕೊಂಡು ಹೇಳಿದಳು, “ಮಂದ ಅದಾವ್ರಿ.”

ದೀಪದ ಒಳಗೆ ಬೆಳಕನ್ನು ಮುಂದಕ್ಕೆ ಚೆಲ್ಲುವ ಬಟ್ಟಲು ಕಪ್ಪಾಗಿದ್ದಕ್ಕೇ ಬೆಳಕು ಸಾಲದು ಎಂದು ಕಾಕಾ ಅವನ್ನು ಬಿಚ್ಚಿ ಕಿನ್ನಾಳದ ಚಿತ್ರಗಾರರೊಬ್ಬರಿಗೆ ಒಯ್ದ. ಕಟ್ಟಿಗೆಯ ದೇವರನ್ನು ಬಂಗಾರದಂತೆ ಹೊಳೆಯಿಸುವವರಿಗೆ ಬಟ್ಟಲು ಯಾವ ಲೆಕ್ಕ? “ಇವು ನಮ್ಮ ಗಾಡಿ ಕಣ್ಣು ಅದಾವ್ರಿ, ಫಳಫಳ ಅನ್ನಬೇಕು” ಎಂದು ಹೇಳಿ ಬಂದ. ಮೂರ್ತಿಯ ಕೆಲಸವೆಲ್ಲ ಮುಗಿದ ಮೇಲೆ ಕೊನೆಗೆ ಕಣ್ಣು ಬರೆಯುವುದು ಅವರ ಪದ್ಧತಿ. ಕಣ್ಣೇ ಮೊದಲು ಕೈಗೆ ಬಂದರೆ ಬಿಟ್ಟಾರೆಯೇ? ದೀಪಗಳು ತಿರುಗಿ ಬಂದಾಗ ಬಟ್ಟಲಿಗೆ ಬಂಗಾರದ ಮೆರುಗು, ಮೇಲಿನ ತಗಡಿಗೆ ಕೊಂಕಿದ ಕಪ್ಪು ಹುಬ್ಬು! ಕಾಕಾ ತಕರಾರು ತೆಗೆದರೆ ಚಿತ್ರಗಾರರು, “ಕಣ್ಣು ಅಂದಮ್ಯಾಲ ಹುಬ್ಬು ಬ್ಯಾಡೇನ್ರಿ?” ಎಂದರಂತೆ. ಮರುದಿನದಿಂದ ನೀರಿಗೆ ಹೋಗುವ ಹೆಂಗಸರು ಗಾಡಿಗೆ ಕೈಮುಗಿದು ಮುಂದೆ ಹೋಗತೊಡಗಿದರು. ಚಿಗವ್ವ ಹಗಲಿನಲ್ಲಿ ಆ ಹುಬ್ಬು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಂಜೆಗೆ ಮಾತ್ರ ಅದೇ ಮಾತು.

ನಾನು ಬಿ.ಎ. ಮುಗಿಸಿ ಬಂದಾಗ ಗಾಡಿಗೆ ಬ್ಯಾಟರಿ ದೀಪಗಳು ಕೂತಿದ್ದವು. ಗುಂಡಿ ಒತ್ತಿದೊಡನೆ ಬೇವಿನ ಗಿಡದ ಕಾಗೆಗಳು ಬೆಳಗಾಯಿತೆಂದು ಎದ್ದವು. ಎದುರುಮನೆಯ ಮುದುಕಿ ಮೊರ ತಂದು ಜೋಳ ಹಸನು ಮಾಡಲು ಕುಳಿತಳು.

“ಕಾಣತೈತೇನು?”

“ಮಂದ ಅದಾವ್ರಿ” ಎಂದಳು ಚಿಗವ್ವ, ಸಣ್ಣ ದನಿಯಲ್ಲಿ.

ನನ್ನ ಬಿ.ಎ. ಸುಮ್ಮನಿರಬೇಕಲ್ಲ? “ಏನಂತಿ ಚಿಗವ್ವಾ, ಆ ಮುದುಕಿ ಮೊರದಾಗಿನ ಹರಳು ಸೈತ ಕಾಣಾಕತ್ತಾವು...” ಎನ್ನುವಷ್ಟರಲ್ಲಿ ಕಾಕಾ ನನ್ನ ಕಾಲು ತುಳಿದ.

“ಸುಮ್ಮನಿರೋ. ನೀ ಬಿ.ಎ. ಮಾಡಿದಿ, ನಾ ಆಕಿನ್ನ ಮದಿವಿ ಮಾಡಿಕೊಂಡೀನಿ. ಮಂದ ಅಂದ್ರ ಮಂದ. ಬದಲಿ ಮಾಡೋಣು.”

ಕಾಲಿಗಿಂತ ಹೆಚ್ಚು ನೋವಾದದ್ದು ಬಿ.ಎ.ಗೆ.

ಯುದ್ಧ ಬಂತು, ಪೆಟ್ರೋಲು ಹೋಯಿತು. ಗಾಡಿ ಅಂಗಳದಲ್ಲಿ ಗೋಡೆಗೆ ಮುಖ ಮಾಡಿ ನಿಂತಿತು. ಆಗಲಾದರೂ ಬಿಟ್ಟನೇ? ಎಲ್ಲಿಂದಲೋ ಇನ್ನೂ ದೊಡ್ಡ ದೀಪ ತಂದು ಹಾಕಿದ. ಮೋಟಾರಿನ ಬ್ಯಾಟರಿ ಎತ್ತಿನ ಬಂಡಿಯಲ್ಲಿ ಕೂತು ಕೊಪ್ಪಳದ ಹತ್ತಿ ಗಿರಣಿಗೆ ಹೋಗಿ ಕರೆಂಟು ತುಂಬಿಸಿಕೊಂಡು ಬರುತ್ತಿತ್ತು. “ಕಾಲಿಲ್ಲದಾಂವಗ ಜರತಾರಿ ಕೆರವು” ಎಂದು ಊರು ಆಡಿಕೊಂಡಿತು. ಸಂಜೆಯಾದರೆ ಇಬ್ಬರೂ ಆ ನಿಂತ ಗಾಡಿಯಲ್ಲೇ ಹೋಗಿ ಕೂಡುವರು.

“ಈಗ ಎಲ್ಲಿಗೆ ಬಂದ್ವಿ?” ಚಿಗವ್ವ ಕೇಳುವಳು.

“ಬೇವೂರು ದಾಟಿದ್ವಿ. ಎಡಕ್ಕ ಕುರಿ ಹಿಂಡು ಹೊಂಟೈತಿ.”

“ಸಾವಕಾಶ ನಡಸ್ರಿ ಮತ್ತ.”

ನಾನು ಗಂಗಾವತಿಯಲ್ಲಿ ಸಾಲೆಯ ಮಾಸ್ತರನಾದೆ. ಚಿಗವ್ವ ಜ್ವರ ಬಂದು ತೀರಿಕೊಂಡಳೆಂದು ಸುದ್ದಿ ಬಂತು. ಮಣ್ಣಿಗೆ ಹೋಗಿ ಬಂದೆ. ಆಮೇಲೆ ರಜೆಯಲ್ಲಿ ಹೋದರೆ, ಗಾಡಿಯ ಮುಂದೆ ಮೊದಲಿನ ಆ ಸೀಮೆಎಣ್ಣೆ ದೀಪಗಳು.

“ಯಾಕ ಕಾಕಾ?”

“ನನಗೊಬ್ಬಂವಗ ಅಷ್ಟು ಬೆಳಕು ಯಾಕ ಬೇಕೋ? ನನ್ನ ಕಣ್ಣು ಛಲೋ ಅದಾವು.”

ನನಗೆ ಆಗ ಹೊಳೆಯಿತು. “ಅಂದ್ರ ಚಿಗವ್ವಗ...”

“ಹೊತ್ತು ಮುಳುಗಿದ್ರ ಏನೂ ಕಾಣ್ತಿರಲಿಲ್ಲ. ಮದಿವ್ಯಾದ ಹೊಸದಾಗ ನನಗ ತಿಳೀತು. ಆಕಿ ದೀಪ ಮಂದ ಅಂದ್ಲು. ಇರಲಿ, ತಪ್ಪು ದೀಪದ್ದ ಇರಲಿ ಅಂದೆ. ದೀಪ ಆದ್ರ ಬದಲಿ ಮಾಡಬಹುದಲ್ಲೋ. ಬೆಳಕು ಹೆಚ್ಚಾದ್ರ ಒಂದೀಟಾದ್ರೂ ಕಂಡೀತು ಅಂತ...”

ಕಾಕಾ ಕಡ್ಡಿ ಗೀರಿ ದೀಪ ಹಚ್ಚಿ, ಗಾಡಿಯೊಳಗೆ ತನ್ನ ಜಾಗದಲ್ಲಿ ಹೋಗಿ ಕುಳಿತ. ಪಕ್ಕದ ಸೀಟಿನಲ್ಲಿ ಚಿಗವ್ವ ಹಾಸುತ್ತಿದ್ದ ಕೌದಿ ಹಾಗೇ ಇತ್ತು. ನಾನು ಅದನ್ನು ಸರಿಸಿ ಹತ್ತಿ ಕುಳಿತೆ. ಇಬ್ಬರೂ ಗೋಡೆ ನೋಡುತ್ತ ಕುಳಿತೆವು. ನನ್ನ ಕಡೆ ತಿರುಗದೆಯೇ ಕಾಕಾ ಕೇಳಿದ.

“ಕಾಣತೈತೇನೋ?”

ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಗೋಡೆ ಕಾಣುತ್ತಿತ್ತು, ಅದರ ಮೇಲಿನ ಹಲ್ಲಿಯೂ ಕಾಣುತ್ತಿತ್ತು.

“ಇಲ್ಲ ಕಾಕಾ” ಎಂದೆ. “ದೀಪ ಮಂದ ಅದಾವು.”

ಕಾಕಾ ರುಮಾಲಿನ ಚುಂಗಿನಿಂದ ಮುಖ ಒರೆಸಿಕೊಂಡ.

“ಬದಲಿ ಮಾಡೋಣು” ಎಂದ.