ಇಲಿಮರಿಗೆ ಇಟ್ಟ ದೃಷ್ಟಿಬೊಟ್ಟು

ನಾನು ಕಾಲಿಟ್ಟ ಕಡೆ ಏನಾದರೊಂದು ಆಗಲೇಬೇಕು, ಅದು ನನ್ನ ಜಾತಕ. ಡಲ್ಲಾಸ್‌ನ ಒಂದು ಲ್ಯಾಬಿನಲ್ಲಿ ಇಲಿಗಳ ಪಂಜರ ತೊಳೆಯೋ ಕೆಲಸಕ್ಕೆ ಸೇರಿದ ಮೇಲೂ ಅದು ತಪ್ಪಲಿಲ್ಲ.

೧. ಮಡಿ

ಅಲ್ಲಿನ ವಿಜ್ಞಾನಿ ನಮ್ಮ ಮೈಸೂರಿನ ಹುಡುಗಿ. ಮೈಯೊಳಗೆ ರೋಗದ ಜೊತೆ ಕಾದಾಡೋ ಕಣಗಳನ್ನ ಬೆಳೆಸೋದು ಯಾವ ಜೀನು ಅಂತ ಹುಡುಕ್ತಾಳೆ. ಅದಕ್ಕೇ ಕೆಲವು ಇಲಿಗಳಿಂದ ಒಂದು ಜೀನು ತೆಗೆದಿದ್ದಾಳೆ.

ಮೊದಲ ದಿನವೇ ನನಗೆ ಟೋಪಿ, ಗೌನು, ಮಾಸ್ಕು, ಗ್ಲೌಸು ಎಲ್ಲ ತೊಡಿಸಿದಳು.

"ಇಲಿ ಕಚ್ಚುತ್ತೇನಮ್ಮಾ?"

"ಇಲ್ಲ ಅಂಕಲ್, ನಿಮ್ಮಿಂದ ಅವಕ್ಕೆ ಕಾಯಿಲೆ ಬರಬಾರದು ಅಂತ."

ಮನೇಲಿ ಇಲಿ ಕಂಡರೆ ಹೆಂಡತಿ ಪೊರಕೆ ಹಿಡೀತಾಳೆ. ಇಲ್ಲಿ ನಾನು ಸೀನಿದರೆ ನನಗೇ ಪೊರಕೆ!

೨. ಮೆಕಿನ್ನಿ ಊಟ

ಡಲ್ಲಾಸ್ ಹತ್ತಿರದ ಮೆಕಿನ್ನಿ ಊರಲ್ಲಿ ಕನ್ನಡದವರೊಬ್ಬರು ನಮ್ಮನ್ನ ಊಟಕ್ಕೆ ಕರೆದಿದ್ದರು. "ಒಂದಿಲಿಗೆ ಹೆದರಿಕೆಯ ಜೀನೇ ತೆಗೆದುಬಿಟ್ವಿ. ಈಗ ಬೆಕ್ಕೇ ಅದಕ್ಕೆ ಎದ್ದು ಜಾಗ ಬಿಡುತ್ತೆ," ಅಂತ ಬಿಟ್ಟೆ.

ನನ್ನ ಹೆಂಡತಿ, "ಬೊಗಳೆ ಬಿಡೋ ಜೀನು ತೆಗೆಯೋಕಾಗುತ್ತಾ? ಇವರಿಗೆ ಬೇಕಿತ್ತು," ಅಂದಳು.

ಪಕ್ಕದಲ್ಲಿ ಕೂತಿದ್ದ ಹುಬ್ಬಳ್ಳಿಯವರೊಬ್ಬರು ಕೈಮುಗಿದರು: "ಬ್ಯಾಡ್ರಿ ವೈನಿ, ಅದನ್ನ ತೆಗದ್ರ ಅವ್ರೊಳಗ ಏನೂ ಉಳಿಯಂಗಿಲ್ರಿ!"

೩. ಹನ್ನೆರಡು ಬಾಲ

ಒಂದು ಪಂಜರದಲ್ಲಿ ಹನ್ನೆರಡು ಬಿಳಿ ಮರಿ. ಐದರ ಬಾಲಕ್ಕೆ ಮಾತ್ರ ಕಪ್ಪು ಬೊಟ್ಟು! ದೃಷ್ಟಿಬೊಟ್ಟಲ್ಲೂ ಭೇದವೇ ಅಂತ ನನಗೆ ತಡೆಯಲಿಲ್ಲ. ಗೋಡೆಯ ಬೋರ್ಡಿಗೆ ಕಟ್ಟಿದ್ದ ಪೆನ್ನು ತಗೊಂಡು ಉಳಿದ ಏಳಕ್ಕೂ ಇಟ್ಟೆ.

ಹುಡುಗಿ ಬಂದು ನೋಡಿ ನೆಲದ ಮೇಲೆ ಕೂತೇಬಿಟ್ಟಳು. "ಅಂಕಲ್, ಅದು ದೃಷ್ಟಿಬೊಟ್ಟಲ್ಲ! ಜೀನು ಇಲ್ಲದ ಮರಿಗಳ ಗುರುತು! ನಾಳೆ ಇವನ್ನ ಪ್ರಯೋಗಕ್ಕೆ ಹ್ಯೂಸ್ಟನ್‌ಗೆ ಒಯ್ಯಬೇಕು. ಯಾವುದಕ್ಕೆ ಜೀನಿಲ್ಲ ಅಂತ ಮತ್ತೆ ಪರೀಕ್ಷೆ ಮಾಡೋಷ್ಟರಲ್ಲಿ ಮರಿಗಳ ವಯಸ್ಸು ಮೀರುತ್ತೆ. ನನ್ನ ಮೂರು ವರ್ಷದ ಕೆಲಸ ಹೋಯ್ತು!"

ನನ್ನ ನಾಲಿಗೆ ಒಣಗಿತು. ನನ್ನ ಜನ್ಮದಲ್ಲಿ ಅದೊಂದೇ ಸಲ.

"ಯಾವ ಪೆನ್ನಲ್ಲಿ ಇಟ್ರಿ?"

ತೋರಿಸಿದೆ. ಬರೆದು ಒರೆಸೋ ಬೋರ್ಡಿನ ಪೆನ್ನು ಅದು. ಅವಳದು ಅಳಿಸದ ಪೆನ್ನು. ಒದ್ದೆ ಬಟ್ಟೆಯಲ್ಲಿ ಒಂದೊಂದೇ ಬಾಲ ಒರೆಸಿದಳು, ನಾನು ಉಸಿರು ಹಿಡಿದು ಎಣಿಸಿದೆ. ಏಳು ಬೆಳ್ಳಗಾದವು, ಐದು ಹಾಗೇ ಉಳಿದವು.

ತಕ್ಷಣ ನನಗೆ ನಾಲಿಗೆ ವಾಪಸ್ ಬಂತು. "ನೋಡಿದೆಯಾ? ಬೇಕಂತಲೇ ಆ ಪೆನ್ನು ಆರಿಸಿದ್ದೆ!"

ಅವಳು ತನ್ನ ಪೆನ್ನು ತೆಗೆದು ನನ್ನ ಹಣೆಗೆ ಒಂದು ಬೊಟ್ಟಿಟ್ಟಳು.

"ದೃಷ್ಟಿಗೇನಮ್ಮಾ?"

"ಗುರುತಿಗೆ ಅಂಕಲ್. ಈ ಪ್ರಾಣೀನ ಪಂಜರದ ಹತ್ತಿರ ಬಿಡಬಾರದು ಅಂತ."

ನಾಲ್ಕು ದಿನ ಆ ಬೊಟ್ಟು ಅಳಿಯಲಿಲ್ಲ. ಕೇಳಿದೋರಿಗೆಲ್ಲ ಹೇಳಿದೆ: ಶಾಲೆ ಮೆಟ್ಟಿಲು ಹತ್ತದೋನಿಗೆ ಅಮೆರಿಕದ ಲ್ಯಾಬು ಹಣೆಮೇಲೇ ಕೊಟ್ಟ ಡಿಗ್ರಿ ಇದು!