ಇಬ್ಬರಿಗೂ ‘ಖರೇ ಅದ’

ಧೈರ್ಯವಿಲ್ಲದವರಿಗೆ ದೇವರು ತಲೆ ಕೊಟ್ಟಿರುವುದು ಆಡಿಸಲಿಕ್ಕೆ ಎಂದು ನಾನು ಬಹಳ ದಿನದಿಂದ ನಂಬಿದ್ದೇನೆ. ರಾಜಕೀಯದ ಮಾತು ಎದ್ದರೆ ಸಾಕು, ನನಗೆ ನೀರಡಿಕೆ ಶುರು. ಶಹಾಪುರದಲ್ಲಿ ಈಗ ಚಹಾದಂಗಡಿಯ ಬೆಂಚುಗಳಿಗೂ ಪಕ್ಷ ಬಂದಿದೆ; ನಾನು ನಿಂತೇ ಕುಡಿಯುತ್ತೇನೆ. ಮಂದಿ ಮೂಲವ್ಯಾಧಿ ಎಂದು ತಿಳಿದು ಔಷಧ ಹೇಳುತ್ತಾರೆ. ಅದಕ್ಕೂ ತಲೆಯಾಡಿಸುತ್ತೇನೆ.

ಚಹಾ ನಿಂತು ಕುಡಿಯಬಹುದು, ಸಂಬಂಧದೊಳಗೆ ಎಲ್ಲಿ ನಿಲ್ಲುವುದು? ಸಗರದಲ್ಲಿರುವ ನಮ್ಮಣ್ಣ ಶರಣಪ್ಪ ಒಂದು ಪಕ್ಷ, ಸುರಪುರದಲ್ಲಿರುವ ನನ್ನ ಹೆಂಡತಿಯ ತಮ್ಮ ಭೀಮಣ್ಣ ಇನ್ನೊಂದು. ಚುನಾವಣೆ ಮುಗಿದು, ಗೆದ್ದವರೂ ಸೋತವರೂ ಒಂದೇ ಮದುವೆಯಲ್ಲಿ ಪಕ್ಕಪಕ್ಕ ಕೂತು ಉಂಡದ್ದೂ ಆಯಿತು. ಇವರಿಬ್ಬರ ಮಾತು ಮಾತ್ರ ನಿಂತೇ ಇತ್ತು. ಅಣ್ಣ ಫೋನಿನಲ್ಲಿ ಭೀಮಣ್ಣನನ್ನು ಬೈದರೆ “ಖರೇ ಅದ” ಎನ್ನುತ್ತಿದ್ದೆ. ಭೀಮಣ್ಣ ಅಣ್ಣನನ್ನು ಬೈದರೂ “ಖರೇ ಅದ.” ಹೀಗಾಗಿ ನಾನು ತಮ್ಮ ಕಡೆಯವನೇ ಎಂದು ಇಬ್ಬರಿಗೂ ಭರವಸೆ, ಇಬ್ಬರೂ ಎಂದಾದರೂ ಒಂದೆಡೆ ಸೇರಿಯಾರು ಎಂದು ನನಗೆ ಭಯ.

ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಉಣ್ಣುವ ಎಳ್ಳ ಅಮಾವಾಸ್ಯೆಗೆ ಅದೇ ಆಯಿತು. “ನನ್ನ ತಮ್ಮ ಬರ್ಲಿಲ್ಲಂದ್ರ ನಾ ಭಜ್ಜಿ ಕುದಸಂಗಿಲ್ಲ ನೋಡ್ರಿ” ಎಂದಳು ಹೆಂಡತಿ. ಕಾಳು, ಸೊಪ್ಪು, ತರಕಾರಿ ಎಲ್ಲ ಕೂಡಿಸಿ ಕುದಿಸುವ ಆ ಭಜ್ಜಿಯಿಲ್ಲದೆ ಎಂಥ ಹಬ್ಬ? ಭೀಮಣ್ಣ ಸಗರದ ನಮ್ಮ ಹೊಲಕ್ಕೆ ಬಂದ. ಬೇವಿನ ಗಿಡದ ಆಚೆ ಅಣ್ಣ, ಈಚೆ ಅವನು ಕೂತರು. ನಡುವೆ ನಾನು.

ಚರಗ ಚೆಲ್ಲುವ ಹೊತ್ತಾಯಿತು. ಭೂಮಿತಾಯಿಗೆ ಎಡೆ ಚೆಲ್ಲುತ್ತ ಒಬ್ಬ ಮುಂದೆ ಕೂಗಬೇಕು, ಇನ್ನೊಬ್ಬ ನೀರಿನ ತಂಬಿಗೆ ಹಿಡಿದು ಹಿಂದೆ ಓಗೊಡಬೇಕು. ವರ್ಷವೂ ಅಣ್ಣನ ಹಿಂದೆ ಭೀಮಣ್ಣನೇ ಇರುತ್ತಿದ್ದ. ಈ ಸಲ ತಂಬಿಗೆ ನನ್ನ ಪಾಲಿಗೆ ಬಂತು. ಅಣ್ಣ ಕೂಗಿದ. ನಾನು ಏನೋ ಕೆಮ್ಮಿದೆ. ಅಣ್ಣ ತಿರುಗಿ ಕೆಕ್ಕರಿಸಿ ನೋಡಿ, ಮತ್ತೆ ಕೂಗಿದ. ಭೀಮಣ್ಣನಿಗೆ ತಡೆಯಲಾಗಲಿಲ್ಲ, ಓಡಿ ಬಂದು ತಂಬಿಗೆ ಕಸಿದುಕೊಂಡು ಆಚೆ ಹೊಲದವರಿಗೂ ಕೇಳುವಂತೆ ಓಗೊಟ್ಟ.

ಹೊಲ ಸುತ್ತಿ ಬರುವಷ್ಟರಲ್ಲಿ ಇಬ್ಬರ ವಾದ ಶುರುವಾಗಿತ್ತು, ಮುಖಾಮುಖಿ, ಬಾಯ್ತುಂಬ. “ನಾ ಅಂದಿದ್ದಕ್ಕ ನಮ್ಮ ತಮ್ಮನೂ ಖರೇ ಅದ ಅಂದಾನ!” ಎಂದ ಅಣ್ಣ. “ನನಗೂ ಹಂಗೇ ಅಂದಾರಲ್ರಿ ಮಾಮಾ!” ಎಂದ ಭೀಮಣ್ಣ. ಇಬ್ಬರೂ ನನ್ನತ್ತ ತಿರುಗಿದರು. ಚುನಾವಣೆಯಾದ ಮೇಲೆ ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ನನ್ನನ್ನು ಬೈಯುವುದರಲ್ಲಿ ಮಾತ್ರ. ಆಮೇಲೆ ಒಬ್ಬರ ತಾಟಿಗೆ ಒಬ್ಬರು ಭಜ್ಜಿ ಹಾಕುತ್ತ, ಒಬ್ಬರ ನಾಯಕನನ್ನು ಒಬ್ಬರು ಜಾಡಿಸುತ್ತ ಹೊಟ್ಟೆತುಂಬ ಉಂಡರು. ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು.

ಯಾಕೆಂದರೆ ನನಗೂ ಒಂದು ಅಭಿಪ್ರಾಯವಿತ್ತು. ಅಂದು ಧೈರ್ಯ ಮಾಡಿ, ಗಂಟಲು ಸರಿ ಮಾಡಿಕೊಂಡು ಬಾಯಿ ತೆರೆದೆ. ಇಬ್ಬರೂ ತುತ್ತು ನಿಲ್ಲಿಸಿ ನೋಡಿದರು.

“ಅವ್ರ ಮಾತೇನ್ ಕೇಳ್ತೀರಿ, ಉಣ್ರಿ” ಎಂದಳು ಹೆಂಡತಿ, ರೊಟ್ಟಿ ನೀಡುತ್ತ. “ಅವ್ರು ಎಲ್ಲಾದಕ್ಕೂ ಖರೇ ಅದ ಅಂತಾರ.”

“ಖರೇ ಅದ” ಎಂದೆ.